ಖಾಲಿ ಬಾಯಿಗೆ ಕುಂಕುಮ

೧೦ ಅಕ್ಟೋಬರ್ ೨೦೦೫, ಸೋಮವಾರ
ವಾಡಿ

ನಾಳೆ ನಾಡಿದ್ದು ದಸರಾ ರಜೆಯಾದ್ದರಿಂದ ಸೊಸೈಟಿಯ ಖಂಡೇ ಪೂಜೆ ಇವತ್ತೇ ಮುಗಿಸಿದೆವು. ಮುಗಿಸಿದೆವು ಅಂದರೆ ಮುಗಿಸಿದೆ. ಹತ್ತೊಂಬತ್ತು ವರ್ಷದಿಂದ ಈ ಕಚೇರಿಯಲ್ಲಿ ಟೈಪಿಂಗೂ ನನ್ನದೇ, ಪೂಜೆಯ ತಯಾರಿಯೂ ನನ್ನದೇ. ಮ್ಯಾನೇಜರ್ ಗೋಪಾಲರಾಯರು ಮಂತ್ರ ಹೇಳುತ್ತಾರೆ, ಆದರೆ ಅರ್ಧಕ್ಕೆ ಬರುವಷ್ಟರಲ್ಲಿ ಅವರಿಗೆ ತಪ್ಪದೆ ಕೆಮ್ಮು ಬರುತ್ತದೆ. ಮರೆತಾಗ ಬರುವ ಕೆಮ್ಮು ಅದು, ನನಗೆ ಚೆನ್ನಾಗಿ ಗೊತ್ತು.

ಮೊದಲೆಲ್ಲ ಒಂದು ಟೈಪ್‌ರೈಟರಿಗೆ ಹೂ ಏರಿಸಿದರೆ ಆಯಿತು. ಈಗ ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಮತ್ತು ಹೋದ ವರ್ಷ ಬಂದ ರೌಟರ್ ಎಂಬ ಕಪ್ಪು ಡಬ್ಬಿ. ನೆಲಕ್ಕೆ ಹಾಸುವ ಫರಸಿ ಕಲ್ಲು ತುಂಬಿದ ಲಾರಿ ವಾಡಿ ದಾಟಬೇಕಾದರೆ ನಮ್ಮ ಸೊಸೈಟಿಯ ಚೀಟಿ ಬೇಕು. ಚೀಟಿಯ ನಂಬರು ಗುಲ್ಬರ್ಗಾದ ಹೆಡ್ ಆಫೀಸಿನಿಂದ ಬರಬೇಕು, ಅದು ಬರುವ ದಾರಿ ಈ ಡಬ್ಬಿ. ಬಂದ ದಿನದಿಂದ ಅದನ್ನು ಒಂದು ಗಳಿಗೆಯೂ ಆರಿಸಿಲ್ಲ. ಕರೆಂಟ್ ಹೋದರೂ ಬ್ಯಾಟರಿಯ ಮೇಲೆ ಮಿಣುಮಿಣು ಅನ್ನುತ್ತಲೇ ಇರುತ್ತದೆ. ಖಂಡೇ ಪೂಜೆಗೆ ಕುಡುಗೋಲಿಗೂ ವಿಶ್ರಾಂತಿ ಇರುವಾಗ ಇದಕ್ಕೆ ಬೇಡವೇ? ನಾನೇ ಗುಂಡಿ ಆರಿಸಿದೆ. ಯಾವ ತಂತಿ ಎಲ್ಲಿಯದು ಎಂದು ಬಣ್ಣಬಣ್ಣದ ದಾರ ಕಟ್ಟಿ ಗುರುತು ಮಾಡಿ, ಬಿಚ್ಚಿ, ಡಬ್ಬಿಯನ್ನು ಮಣೆಯ ಮೇಲೆ ಕೂಡಿಸಿದೆ.

ಎಷ್ಟು ಚಂದ ಕಾಣಿಸಿತು! ಗಂಧ ತೇಯ್ದು, ಕುಂಕುಮ ಕಲಸಿ, ಅದರ ಹಿಂಬದಿಯ ಒಂದೊಂದು ಬಾಯಿಯ ಮೇಲೂ ಬೊಟ್ಟಿಟ್ಟೆ. ಎಲ್ಲ ಬಾಯಿಗೂ ಒಂದೊಂದು ತಂತಿ ಇದೆ, ಒಂದಕ್ಕೆ ಮಾತ್ರ ಏನೂ ಇಲ್ಲ. ವರ್ಷವಿಡೀ ಯಾರೂ ಮುಟ್ಟದ ಖಾಲಿ ಬಾಯಿ. ನೋಡಿ ಪಾಪ ಅನ್ನಿಸಿ ಅದಕ್ಕೆ ಬೆರಳು ಒತ್ತಿ ಧಾರಾಳವಾಗಿಯೇ ಹಚ್ಚಿದೆ.

ಪೂಜೆಯ ಮೇಲೆ ಜಾನಬಿ ನೆಲ ಒರೆಸಿ ಬುಂದಿ ಕಟ್ಟಿಸಿಕೊಂಡು ಹೋದಳು. ಆರು ವರ್ಷದಿಂದ ನಮ್ಮ ಕಸಗುಡಿಸುವವಳು ಅವಳು. ಮೊದಲು ರಾವೂರದ ಖಣಿಯಲ್ಲಿ ಕಲ್ಲು ಹೊರುತ್ತಿದ್ದಳಂತೆ, ಬೆನ್ನು ಹೋದ ಮೇಲೆ ಇಲ್ಲಿಗೆ ಬಂದಳು.

೧೩ ಅಕ್ಟೋಬರ್, ಗುರುವಾರ

ಲೈನ್ ಇಲ್ಲ!

ದಾರದ ಗುರುತು ನೋಡಿ ತಂತಿಗಳನ್ನೆಲ್ಲ ಇದ್ದಲ್ಲೇ ಸಿಕ್ಕಿಸಿದೆ. ದೀಪ ಹತ್ತಿತು. ಗುಲ್ಬರ್ಗಾ ಬರಲಿಲ್ಲ. ಆರಿಸಿ ಹಚ್ಚಿದೆ. ಬರಲಿಲ್ಲ. ಹತ್ತು ಗಂಟೆಗೆ ಬಾಗಿಲಲ್ಲಿ ಹನ್ನೊಂದು ಲಾರಿ ನಿಂತಿದ್ದವು. ಅವುಗಳಲ್ಲಿ ನಾಲ್ಕು ರಾವೂರದ ಅಮೃತಪ್ಪನವರವು. ಅವರಿಗೆ ಖಣಿ ಇದೆ, ಲಾರಿ ಇವೆ, ಖಣಿಯಲ್ಲಿ ಮದ್ದು ಹಾರಿಸಿದಂಥ ದನಿಯೂ ಇದೆ.

"ಏನ್ರಿ ಅಕ್ಕಾರ, ದಸರಾ ಮುಗದ್ರೂ ನಿಮ್ಮ ಡಬ್ಬಿ ಇನ್ನಾ ಮಕ್ಕೊಂಡಾದೇನ್ರಿ?"

ಗೋಪಾಲರಾಯರು ಒಳಗೆ ಕರೆದರು. ಹೋಗಿ ಮೇಜಿನ ಮುಂದೆ ಎಂದಿನಂತೆ ಕೈಕಟ್ಟಿ ನಿಂತೆ.

"ಭಾಮಾಬಾಯಾರ, ಇದಕ್ಕ ಯಾರ್ ಕೈ ಹಚ್ಚಿದ್ರು?"

"ಯಾರೂ ಇಲ್ರಿ ಸಾಹೇಬ್ರ. ಪೂಜಾ ಆದಮ್ಯಾಲ ಜಾನಬಿ ಆ ಕಡೆ ಒರಸಲಿಕತ್ತಿದ್ಲು ನೋಡ್ರಿ, ಅಷ್ಟs."

ಮಾತಿಗೆ ಮಾತು ಬಂತು, ಅಂದೆ. ಸಾಹೇಬರು ಅದನ್ನು ಬರೆದುಕೊಂಡರು.

ಹೆಡ್ ಆಫೀಸಿಗೆ ಫೋನು. ಅಲ್ಲಿ ಈ ಡಬ್ಬಿಗಳನ್ನು ನೋಡಿಕೊಳ್ಳುವವಳು ನಜಮುನ್ನೀಸಾ ಅಂತ ಒಬ್ಬ ಹುಡುಗಿ, ಎಲ್ಲರ ಬಾಯಲ್ಲಿ ನಜಮಾ. ಮಾತು ಗಡಗಡ. ಡಬ್ಬಿ ಅವಳಿಗೆ ಅಲ್ಲಿಂದ ಕಾಣುತ್ತಿಲ್ಲವಂತೆ. ಇನ್ನು ಉಳಿದ ದಾರಿ ಕನ್ಸೋಲ್ ಒಂದೇ ಅಂದಳು. ಅಂದರೆ ಡಬ್ಬಿಯ ಪಕ್ಕದಲ್ಲೇ ಕೂತು, ಅದಕ್ಕೆಂದೇ ಇರುವ ಒಂದು ಬಾಯಿಗೆ ಕಂಪ್ಯೂಟರಿನ ತಂತಿ ಹಚ್ಚಿ, ಮುಖಾಮುಖಿ ಮಾತಾಡುವುದು.

"ನೀಲಿ ಬಣ್ಣದ್ದು ಒಂದು ಚಪ್ಪಟಿ ಕೇಬಲ್ ಡಬ್ಬಿ ಜೋಡಿ ಬಂದಿತ್ತು ನೋಡ್ರಿ ಮೇಡಂ. ಅದು ಬೇಕು."

ಎಲ್ಲಿಯ ಕೇಬಲ್ಲು! ಮೂರು ಕಪಾಟು ತೆಗೆದು ಧೂಳು ಕುಡಿದೆ. ಕೊನೆಗೆ ಪೊರಕೆ ಹಿಡಿದು ನಿಂತಿದ್ದ ಜಾನಬಿ, "ನೀಲಿದು, ಲಾಡಿ ಹಂಗ ಚಪ್ಪಟಿ ಅದ ನೋಡ್ರಿ, ಅದೇನ್ರಿ?" ಅಂದಳು. ಸ್ಟೂಲು ಏರಿ ಕಪಾಟಿನ ಮೇಲಿನ ಹಳೇ ರಿಜಿಸ್ಟರ್ ಗಂಟು ಇಳಿಸಿದಳು. ಗಂಟಿಗೆ ಕಟ್ಟಿದ್ದೇ ಆ ಕೇಬಲ್ಲು, ಮೂರು ಸುತ್ತು, ಮೇಲೆ ಗೋಪಾಲರಾಯರ ಕೈಯ ಬಿರುಸಾದ ಗಂಟು. ಸಾಹೇಬರು ಕೆಮ್ಮಿದರು. ನಾನು ಒಳಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

೧೪ ಅಕ್ಟೋಬರ್, ಶುಕ್ರವಾರ, ಏಕಾದಶಿ

ಇವತ್ತು ನಾನು ಎಂಟರ್ ಗುಂಡಿ ಒತ್ತಿದಷ್ಟು ಸಲ ರಾಮನಾಮ ಹೇಳಿದ್ದರೆ ವೈಕುಂಠಕ್ಕೆ ರಿಜರ್ವೇಶನ್ ಸಿಗುತ್ತಿತ್ತು.

ಕೇಬಲ್ಲಿನ ಒಂದು ತುದಿ ಕಂಪ್ಯೂಟರಿನ ಬೆನ್ನಿಗೆ, ಇನ್ನೊಂದು ತುದಿ ಡಬ್ಬಿಯ ಕನ್ಸೋಲಿಗೆ. ಕನ್ಸೋಲ್ ಅಂದರೆ ಯಾವುದು ಅಂತೀರಿ? ಅದೇ, ನನ್ನ ಖಾಲಿ ಬಾಯಿ! ಅಂತೂ ಪಾಪದ್ದಕ್ಕೆ ಒಂದು ತಂತಿಯ ಯೋಗ ಬಂತು ಎಂದು ಖುಷಿಯಾಯಿತು. ಕಂಪ್ಯೂಟರಿನಲ್ಲಿ ಒಂದು ಕಪ್ಪು ಕಿಟಕಿ ತೆರೆಯಬೇಕು. ಅದಕ್ಕೆ ಮಾತಿನ ವೇಗ ಹೇಳಬೇಕು, ಒಂಬತ್ತು ಸಾವಿರದ ಆರುನೂರು. ನನ್ನ ವೇಗ ನಿಮಿಷಕ್ಕೆ ನಲವತ್ತೈದು ಪದ, ಆದರೂ ಬಿಡಲಿಲ್ಲ.

"ಎಂಟರ್ ಹೊಡೀರಿ ಮೇಡಂ."

"ಹೊಡದೆ."

"ಏನ್ ಬಂತ್ರಿ?"

"ಏನೂ ಇಲ್ಲ. ಕಪ್ಪಗs ಅದ."

"ಇನ್ನೊಂದು ಪೋರ್ಟಿಗೆ ಹಚ್ಚಿ ನೋಡ್ರಿ. ಹೊಡೀರಿ."

"ಕಪ್ಪು."

ವೇಗ ಬದಲಿಸಿದೆವು. ಕಂಪ್ಯೂಟರ್ ಬದಲಿಸಿದೆವು. ಪ್ರಿಂಟರಿನ ಜಾಗಕ್ಕೆ ಕಂಪ್ಯೂಟರ್, ಕಂಪ್ಯೂಟರಿನ ಜಾಗಕ್ಕೆ ನಾನು. ಹೊರಗೆ ಅಮೃತಪ್ಪನವರು ಕಿಟಕಿಯಲ್ಲಿ ಮುಖವಿಟ್ಟು, "ಡಬ್ಬಿ ಹಾಡಲಿಲ್ಲೇನ್ರಿ ಇನ್ನಾ?" ಎಂದು ತಾಸಿಗೊಮ್ಮೆ ಕೇಳುತ್ತಿದ್ದರು. ನಾಲ್ಕು ಗಂಟೆಗೆ ಹುಡುಗಿಯ ದನಿ ಒಣಗಿತು.

"ಮೇಡಂ, ನೀವು ಜರಾ ನೀರು ಕುಡದು ಬರ್ರಿ. ನಿಮ್ಮ ಗಂಟಲು ಕೂತದ."

"ಇವತ್ತ ನೀರಿಲ್ಲವಾ. ಏಕಾದಶಿ. ನೀನs ಕುಡಿ, ನಿಂದೂ ಕೂತದ."

ಅವಳು ಖೊಳ್ಳನೆ ನಕ್ಕಳು. "ನನಗೂ ರೋಜಾ ಅದರಿ. ಹನಿ ನೀರಿಲ್ಲ."

ಎಂಥ ನಗು ಬಂತೆಂದರೆ ಇಬ್ಬರೂ ರಿಸೀವರ್ ಹಿಡಿದುಕೊಂಡು ಎಷ್ಟೋ ಹೊತ್ತು ಬರಿ ನಕ್ಕೆವು. ಆಕೆ ಆರು ಗಂಟೆಗೆ ಬಿಡುತ್ತಾಳೆ, ನಾನು ನಾಳೆ ಬೆಳಿಗ್ಗೆ. ಈ ವಿಷಯದಲ್ಲಿ ನಾನೇ ಮೇಲು ಎಂದು ಹೇಳಿದೆ. "ನಂದು ಪೂರಾ ಒಂದು ತಿಂಗಳು ನಡೀತದರಿ" ಅಂದಳು. ಒಪ್ಪಿಕೊಂಡೆ.

ಸಂಜೆ ಗೋಪಾಲರಾಯರು ಒಂದು ವರದಿ ಟೈಪ್ ಮಾಡಲು ಕೊಟ್ಟರು. ಯಂತ್ರಕ್ಕೆ ನೀರು ತಾಗಿ ಕೆಟ್ಟಿದೆ, ಒರೆಸುವಾಗ ಜಾನಬಿಯ ನಿರ್ಲಕ್ಷ್ಯವೇ ಕಾರಣ, ಅವಳನ್ನು ಮಂಗಳವಾರದಿಂದ ಬಿಡಿಸಲಾಗುವುದು. ಸೋಮವಾರ ಸಂಜೆಯ ಟಪಾಲಿಗೆ ಹೋಗಬೇಕು. ಟೈಪ್ ಮಾಡಿದೆ. ಪಾಪ ಅನ್ನಿಸಿತು. ಆದರೆ ಆ ಕಡೆ ಒರೆಸಿದ್ದಂತೂ ಹೌದಲ್ಲ.

೧೫ ಅಕ್ಟೋಬರ್, ಶನಿವಾರ

ನಜಮಾ ಹೇಳಿದಳು: "ಬ್ಯಾಟರಿ ಹಿಡದು ಆ ಬಾಯಾಗ ನೋಡ್ರಿ. ಒಳಗ ಎಂಟು ಸಣ್ಣ ತಂತಿ ಬಂಗಾರದ ಹಂಗ ಹೊಳೀಬೇಕು."

ನೋಡಿದೆ.

"ಕಾಣ್ತಾವೇನ್ರಿ?"

"ಕಾಣ್ತಾವ" ಅಂದೆ.

ಇವತ್ತು ಇಷ್ಟೇ.

೧೬ ಅಕ್ಟೋಬರ್, ಭಾನುವಾರ

ಸುಳ್ಳು ಅಂದೆ. ಒಳಗೆ ಬಂಗಾರವೂ ಇರಲಿಲ್ಲ, ಬೆಳ್ಳಿಯೂ ಇರಲಿಲ್ಲ. ಕೆಂಪಿತ್ತು. ಗಂಧದ ಜೊತೆ ಒಣಗಿ ಗಟ್ಟಿಯಾದ ನನ್ನ ಕುಂಕುಮ.

ಮನೆಯಲ್ಲಿ ಇವರಿಗೆ ಹೇಳಿದೆ. ಚಿತ್ತಾಪುರದ ಶಾಲೆಯಲ್ಲಿ ಮೂವತ್ತು ವರ್ಷ ಗಣಿತ ಕಲಿಸಿದವರು, ಎಲ್ಲವನ್ನೂ ಲೆಕ್ಕದಂತೆಯೇ ಬಿಡಿಸುತ್ತಾರೆ. ಪೇಪರಿನಿಂದ ಮುಖ ತೆಗೆಯದೆ, "ಹಂಗಾದ್ರ ನೀರು ತಪ್ಪು, ಜಾನಬಿ ತಪ್ಪು. ಉಳದಿದ್ದು ಯಾರು?" ಅಂದರು.

"ನಾ."

"ಉತ್ತರ ಸರಿ ಅದ" ಅಂದು ಪುಟ ತಿರುವಿದರು. ಆ ಪೇಪರನ್ನು ಒಲೆಗೆ ಹಾಕಬೇಕು ಅನ್ನುವಷ್ಟು ಸಿಟ್ಟು ಬಂತು. ರಾತ್ರಿ ಊಟಕ್ಕೆ ಉಪ್ಪು ಹಾಕಿದೆನೋ ಇಲ್ಲವೋ. ಇವರು ಸುಮ್ಮನೆ ಉಂಡರು, ಅದಕ್ಕೂ ಸಿಟ್ಟು ಬಂತು.

ನನ್ನ ಹೆದರಿಕೆ ಇಷ್ಟೇ: ಹತ್ತೊಂಬತ್ತು ವರ್ಷದಲ್ಲಿ ನನ್ನ ಫೈಲಿನಲ್ಲಿ ಒಂದು ಕಪ್ಪು ಚುಕ್ಕೆ ಇಲ್ಲ. ಜಾನಬಿಗೆ ಫೈಲೇ ಇಲ್ಲ.

೧೭ ಅಕ್ಟೋಬರ್, ಸೋಮವಾರ

ಕೂತಲ್ಲಿ ಕೂರಲು ಆಗುತ್ತಿಲ್ಲ. ಮೊದಲಿನಿಂದ ಬರೆಯುತ್ತೇನೆ.

ಎಂಟು ಗಂಟೆಗೇ ಕಚೇರಿಗೆ ಹೋದೆ. ಚೀಲದಲ್ಲಿ ದೇವರ ಹೂಬತ್ತಿ ಹತ್ತು, ಔಷಧದ ಅಂಗಡಿಯ ಸ್ಪಿರಿಟ್ ಒಂದು ಬಾಟಲಿ, ಹೇರ್‌ಪಿನ್ ಎರಡು. ಜಾನಬಿ ಆಗಲೇ ಬಂದಿದ್ದಳು. ಇವತ್ತೇ ಕೊನೆಯ ದಿನ ಎಂದು ಸಾಹೇಬರು ಶನಿವಾರ ಹೇಳಿದ್ದರಂತೆ. ಆದರೂ ಕಸ ಹೊಡೆದು, ನನ್ನ ಕುರ್ಚಿಯ ಧೂಳನ್ನೂ ಒರೆಸಿದ್ದಳು. ನನಗೆ ಅವಳ ಮುಖ ನೋಡಲಾಗಲಿಲ್ಲ. "ಬ್ಯಾಟರಿ ಹಿಡಿ ಬಾ" ಅಂದೆ.

ಡಬ್ಬಿ ಆರಿಸಿ ತಿರುಗಿಸಿದೆ. ಅವಳು ಬೆಳಕು ಬಿಟ್ಟಳು. ಕೆಂಪು ಕಂಡಿತು. ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು:

"ನಾ ಅವತ್ತೇ ನೋಡಿದ್ದೆರಿ ಅಕ್ಕಾರ. ಒರಸಾಕ ಬಂದಾಗ."

"ನೋಡಿದ್ದೀ? ಮತ್ತ ಯಾಕ ಒರಸಲಿಲ್ಲ?"

"ದೇವರ ಕುಂಕುಮ ಅಲ್ರಿ? ನೀವು ಅಷ್ಟು ಮನಸಿನಿಂದ ಹಚ್ಚೀರಿ, ನಾ ಹ್ಯಾಂಗ ಒರಸಲ್ರಿ? ಅದರ ಸುತ್ತಮುತ್ತ ನೆಲ ಅಷ್ಟೇ ಒರಸಿ ಬಿಟ್ಟೆ."

ಕೇಳಿರಾ? ಒರೆಸಿ ಕೆಡಿಸಿದಳು ಎಂದು ಯಾರ ಮೇಲೆ ವರದಿ ಬರೆದಿದ್ದೇವೋ ಅವಳು ಒರೆಸಲೇ ಇಲ್ಲ! ಒರೆಸಿದ್ದರೆ ಶುಕ್ರವಾರವೇ ಎಲ್ಲ ಮುಗಿಯುತ್ತಿತ್ತು.

"ಹಂಗಾದ್ರ ಸಾಹೇಬ್ರಿಗೆ ಯಾಕ ಹೇಳಲಿಲ್ಲ ಜಾನಬಿ?"

"ಅವರು ನನ್ನ ಕೇಳಲಿಲ್ರಿ. ಬಿಟ್ಟುಬಿಡು ಅಂದ್ರು. ಮತ್ತ ಖಣಿಗೆ ಹೋಗಬೇಕು, ಅಷ್ಟೇ. ಬೆನ್ನು ಏನಂತದೋ ಏನೋ."

ಹೂಬತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಹೇರ್‌ಪಿನ್ನಿಗೆ ಸುತ್ತಿ ಒಳಗೆ ಬಿಟ್ಟೆ. ಕಣ್ಣಲ್ಲಿ ನೀರು ತುಂಬಿಕೊಂಡು ಬಾಯಿಯೂ ಕಾಣದು, ಪಿನ್ನೂ ಕಾಣದು. ಜಾನಬಿ, "ಎಡಕ್ಕ... ಜರಾ ಮ್ಯಾಲ... ಹಾಂ, ಹಂಗs" ಎಂದು ಹೇಳುತ್ತ ಹೋದಳು. ಒಂಬತ್ತನೆಯ ಬತ್ತಿ ಬೆಳ್ಳಗೆ ಹೊರಬಂತು. ಒಳಗೆ ಎಂಟು ತಂತಿ, ಖರೇನೇ ಬಂಗಾರದಂತೆ. ಜಾನಬಿ ಎಣಿಸಿ ಹೇಳಿದಳು.

ನಜಮಾಗೆ ಫೋನ್ ಹಚ್ಚಿದೆ. ಸ್ಪಿರಿಟ್ ಆರಿದ ಮೇಲೆ ಕೇಬಲ್ ಸಿಕ್ಕಿಸಿ ಗುಂಡಿ ಒತ್ತಿದೆ.

ಅಯ್ಯೋ, ಬಂತು! ಕಪ್ಪು ಕಿಟಕಿಯಲ್ಲಿ ಬಿಳಿ ಅಕ್ಷರ, ಒಂದರ ಕೆಳಗೊಂದು, ಕೆಳಗೊಂದು, ಕೆಳಗೊಂದು! ನಾನು "ಬಂತು ಬಂತು ಬಂತು" ಎಂದು ಕೂಗಿದ್ದಕ್ಕೆ ಹೊರಗಿನ ಡ್ರೈವರುಗಳು ಲೈನೇ ಬಂತೆಂದು ಲಾರಿ ಚಾಲೂ ಮಾಡಿಬಿಟ್ಟರು. ಜಾನಬಿ ಓಡಿಹೋಗಿ ಲಾರಿ ಆರಿಸಲು ಹೇಳಿ ಬಂದಳು.

ಕೊನೆಯ ಸಾಲು ಓದಿ ಹೇಳಿದೆ: "ಮೊದಲಿಂದ ಎಲ್ಲ ಹೊಂದಿಸಿಕೊಡಲೇನು ಅಂತ ಕೇಳಲಿಕತ್ತದ ನೋಡವಾ. ಹೌದು ಅನ್ನು, ಇಲ್ಲಾ ಇಲ್ಲ ಅನ್ನು ಅಂತದ."

ಅತ್ತ ಕಡೆ ನಜಮಾ ಹಣೆ ಬಡಿದುಕೊಂಡದ್ದು ಕೇಳಿಸಿತು.

"ಏನಾತ?"

"ಭಾಮಕ್ಕಾ, ಅದು ಎಲ್ಲಾ ಮರತದರಿ. ಅದಕ್ಕ ಎರಡು ನೆನಪು ಇರ್ತಾವ. ಒಂದು ತಲ್ಯಾಗ ಇಟ್ಟಿದ್ದು, ಒಂದು ಬರದಿಟ್ಟಿದ್ದು. ಆರಿಸಿದ್ರ ತಲ್ಯಾಗಿಂದು ಹೋಗ್ತದ. ಬರದಿಟ್ಟಿದ್ದು ಉಳೀತದ. ಇದರಾಗ ಏನೂ ಬರದಿಟ್ಟಿಲ್ಲ."

"ಯಾರು ಬರದಿಡಬೇಕಿತ್ತು?"

"ನಾನೇರಿ." ದನಿ ಸಣ್ಣದಾಗಿತ್ತು. "ಹೋದ ರಮ್ಜಾನದಾಗ ಇಲ್ಲಿಂದಲೇ ಕೂತು ಎಲ್ಲಾ ಹಾಕಿದ್ದೆ. ಅಷ್ಟರಾಗ ಅಜಾನ್ ಆತು, ಖಜೂರ ಬಾಯಾಗ ಹಾಕ್ಕೊಂಡು ಓಡಿದೆ. ಬರಕೋ ಅಂತ ಒಂದು ಮಾತು ಹೇಳೋದು ಮರತೆ. ನೀವು ಯಾರೂ ಆರಿಸಲೇ ಇಲ್ಲ, ಅದಕ್ಕ ಇಷ್ಟು ದಿವಸ ನಡೀತು."

ನನಗೆ ಅವಳ ಮೇಲೆ ಎಷ್ಟು ಪ್ರೀತಿ ಬಂತೆಂದರೆ, "ಕುಂಕುಮ ನಂದು, ಶನಿವಾರ ಕಾಣ್ತಾವ ಅಂದಿದ್ದು ಸುಳ್ಳು" ಎಂದು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅವಳು ಬೈಯಲಿಲ್ಲ. "ಹಂಗಾದ್ರ ಬರೋಬರ್ ಆತು. ಕೀಬೋರ್ಡ್ ಹತ್ರ ಎಳಕೋರಿ" ಅಂದಳು.

ಅವಳು ಹೇಳಿದಳು, ನಾನು ಹೊಡೆದೆ. ಒಂದು ಚುಕ್ಕಿ ತಪ್ಪಿಲ್ಲ. ಟೈಪಿಂಗ್ ಸೀನಿಯರ್ ಪಾಸಾದ ಕೈ ಇದು, ನಲವತ್ತು ನಿಮಿಷದಲ್ಲಿ ಮುಗಿಸಿದೆ. ಕೊನೆಗೆ ಇಬ್ಬರೂ ಒಟ್ಟಿಗೆ, "ಬರಕೋ!" ಅಂದೆವು. ಬರೆದುಕೊಂಡಿತು. ನಂಬಿಕೆ ಬಾರದೆ ಮತ್ತೆರಡು ಸಲ ಬರೆಸಿದೆ. ಹನ್ನೊಂದೂವರೆಗೆ ಗುಲ್ಬರ್ಗಾ ಬಂತು, ಮೊದಲ ಚೀಟಿ ಅಮೃತಪ್ಪನವರದು. "ಅಕ್ಕಾರ, ಇಂಜಿನೇರ್ ಆಗೀರಿ ನೀವು!" ಎಂದು ಅವರು ಕೂಗಿದ್ದು ಸ್ಟೇಶನ್ನಿಗೆ ಕೇಳಿರಬೇಕು.

ಗೋಪಾಲರಾಯರಿಗೆ ಎಲ್ಲ ಹೇಳಿದೆ. ಮೊದಲು ನಕ್ಕರು. ಆಮೇಲೆ ಡ್ರಾವರಿನಿಂದ ವರದಿಯ ಲಕೋಟೆ ತೆಗೆದು ಮೇಜಿನ ಮೇಲಿಟ್ಟರು.

"ಕುಂಕುಮ ಅಂತ ಬರದ್ರ ಹೆಡ್ ಆಫೀಸಿನವರು ನಗ್ತಾರ್ರಿ. ನೀರು ಅಂತನs ಇರಲಿ ಬಿಡ್ರಿ. ನಿಮ್ಮ ಫೈಲಿಗೆ ಯಾಕ ಕಲೆ? ಆಕಿದೇನು ಕಾಯಂ ನೌಕರಿಯೇನ್ರಿ?"

"ನಗಲಿ ಬಿಡ್ರಿ ಸಾಹೇಬ್ರ" ಅಂದೆ. "ನನಗೂ ಭಾಳ ನಗಿ ಬರಲಿಕತ್ತದ."

ನಿಜಕ್ಕೂ ನಗು ಬರುತ್ತಿತ್ತು. ಅವರು ಕೆಮ್ಮಿದರು. ನಾನು ಅಷ್ಟು ಹೊತ್ತೂ ಅವರ ಎದುರಿನ ಕುರ್ಚಿಯಲ್ಲಿ ಕೂತಿದ್ದೆ ಎಂದು ಏಳುವಾಗ ಗೊತ್ತಾಯಿತು. ಯಾವಾಗ ಕೂತೆನೋ ನೆನಪಿಲ್ಲ. ಲಕೋಟೆ ಎತ್ತಿಕೊಂಡು ಬಂದು, ಹರಿದು, ಬೇರೆ ವರದಿ ಟೈಪ್ ಮಾಡಿ ಹೊಸ ಲೈನಿನ ಮೇಲೆಯೇ ಕಳಿಸಿದೆ. ಸಾಹೇಬರಿಗೆ ಒಂದು ಪ್ರತಿ ಕೊಟ್ಟೆ. ನನ್ನ ವರದಿಯ ಕೆಳಗೆ ತನ್ನ ತಪ್ಪಿನದೂ ನಾಲ್ಕು ಸಾಲು ಸೇರಿಸಿ ಮೇಲಿನವರಿಗೆ ಕೊಟ್ಟಿರುವುದಾಗಿ ಸಂಜೆ ನಜಮಾ ಫೋನ್ ಮಾಡಿದಳು. ಇಫ್ತಾರಿಗೆ ಹೋಗುವ ಮೊದಲು ಮಾಡಿದಳು, ಈ ಸಲ ಮರೆಯಲಿಲ್ಲ.

೧೮ ಅಕ್ಟೋಬರ್, ಮಂಗಳವಾರ

ಎರಡು ಮೆಮೊ. ಒಂದು ನಜಮಾಗೆ, ಒಂದು ನನಗೆ. "ಇನ್ನು ಮುಂದೆ ಯಂತ್ರಗಳನ್ನು ದೂರದಿಂದಲೇ ಪೂಜಿಸತಕ್ಕದ್ದು." ಬೆಳಿಗ್ಗೆ ಲೈನಿನ ಮೇಲೆ ಬಂತು. ನಾನೇ ಸರಿ ಮಾಡಿದ ಲೈನು, ಎಷ್ಟು ಚುರುಕಾಗಿ ತಂದುಕೊಟ್ಟಿತು! ಪ್ರತಿ ತೆಗೆದು ಮನೆಗೂ ತಂದಿದ್ದೇನೆ. ಇವರು ಓದಿ, ಕನ್ನಡಕ ತೆಗೆದು, ಚೌಕಟ್ಟು ಹಾಕಿಸೋಣವೇ ಎಂದು ಕೇಳಿದರು. ಹಾಕಿಸಿದರೂ ಹಾಕಿಸಿಯೇನು.

ಅದರ ಕೊನೆಗೆ, ಜಾನಬಿಯನ್ನು ಎಂದಿನಂತೆ ಮುಂದುವರಿಸತಕ್ಕದ್ದು ಎಂದು ಒಂದು ಸಾಲಿತ್ತು. ಕರೆದು ಹೇಳಿದೆ. ಅವಳು ಕುಣಿಯುತ್ತಾಳೆ ಎಂದುಕೊಂಡಿದ್ದೆ. ಪೊರಕೆ ಗೋಡೆಗೆ ಆನಿಸಿ, ಕೈ ಒರೆಸಿಕೊಂಡು ಹತ್ತಿರ ಬಂದಳು.

"ಅದು ಬಿಡ್ರಿ. ನೀವು ನಿನ್ನೆ ಬರದು ಕಳಿಸೀರಲ್ಲ, ಅದರಾಗ ನನ್ನ ಹೆಸರು ಅದಂತಲ್ರಿ. ಏನಂತ ಅದ?"

ಓದಿ ಹೇಳಿದೆ: "ದಿನಾಂಕ ಹತ್ತರಂದು ಯಂತ್ರದ ಬಾಯಿಗೆ ಕುಂಕುಮ ತುಂಬಿದವಳು ನಾನು. ಜಾನಬಿಯ ತಪ್ಪು ಏನೂ ಇಲ್ಲ. ಅವಳ ಹೆಸರು ಹೇಳಿದ್ದು ನನ್ನ ತಪ್ಪು."

"ಇನ್ನೊಮ್ಮೆ ಓದ್ರಿ."

ಓದಿದೆ.

"ಆ ನಡುವಿಂದು ಅಷ್ಟೇ ಇನ್ನೊಮ್ಮೆ."

"ಜಾನಬಿಯ ತಪ್ಪು ಏನೂ ಇಲ್ಲ."

"ಅದು ಅಲ್ಲಿ ಇರ್ತದಲ್ರಿ? ಕರೆಂಟ್ ಹೋದ್ರೂ?"

"ಇರ್ತದವಾ. ಬರದಿಟ್ಟೀನಿ" ಅಂದೆ. ಅವಳು ಬಟ್ಟೆ ಹಿಂಡಿ ತಂದು, ಡಬ್ಬಿಯ ಮೇಲೆ ಉಳಿದಿದ್ದ ಗಂಧವನ್ನೂ ಅಕ್ಷತೆಯನ್ನೂ, ನನ್ನ ಎದುರಿಗೇ, ಒಂದು ಕಲೆಯೂ ಬಿಡದಂತೆ ಒರೆಸಿದಳು.